ತಪ್ಪು ಒಪ್ಪು

ಮುಳಬಾಗಿಲಿನ ಬಸ್ ನಿಲ್ದಾಣದ ಹಿಂದೆ
ನನ್ನ ಜೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ
ಸಂಜೆ ಆರಕ್ಕೆ ಕರೆಂಟು ಹೋದರೆ ಸಾಕು,
ಶುರು.

'ಬೋಳುಗುಡ್ಡ'ದವರದು ಹಾಡೇ ಅಲ್ಲ ಅನ್ನುತ್ತಾರೆ
ಮುನಿನಂಜಪ್ಪ ಮೇಷ್ಟ್ರು.
ಆ ಹುಡುಗರ ಒಂದು ಕಾರ್ಯಕ್ರಮವನ್ನೂ ತಪ್ಪಿಸದವರು.
ಟೊಮೆಟೊ ಮಂಡಿಯಲ್ಲಿ ಕ್ರೇಟು ಪೇರಿಸಿ ಕಟ್ಟಿದ ವೇದಿಕೆಯೆದುರು
ಮಡಚುವ ಕುರ್ಚಿ ಹೊತ್ತು ಬಂದು
ಕಿವಿಗೆ ಹತ್ತಿಯಿಟ್ಟು ಮೊದಲ ಸಾಲಲ್ಲಿ ಕೂತವರು.
'ಎರಡೇ ಪದ, ಹದಿನಾಲ್ಕು ಸಲ!
ಏರು ಊರು, ಏರು ಊರು.
ಕರ್ತೃ ಎಲ್ಲಿ? ಕರ್ಮ ಎಲ್ಲಿ?
ಹಿಂದೆ ಆ ಗಿಟಾರು ಒದರದಿದ್ದರೆ
ಇದನ್ನು ಯಾವನಾದರೂ ಓದುತ್ತಿದ್ದನೇನಯ್ಯ?'

'ಕರ್ತೃ ನಾನೇ ಸಾರ್,' ಅನ್ನುತ್ತಾನೆ ಮುಕ್ತಿಯಾರ್,
ಪಂಕ್ಚರ್ ಅಂಗಡಿಯವ, ಮೊಣಕೈವರೆಗೂ ಮಸಿ.
'ಗುಡ್ಡ ಏರು. ಕಾಲು ಊರು. ಜಾರ್ತೀಯ, ಮತ್ತೆ ಏರು.
ಜಾಕಿ ತಿರುವುವಾಗ ಇದನ್ನೇ ಅಂದ್ಕೊಂತೀನಿ ನಾನು.
ಲಾರಿ ಏಳುತ್ತೆ.'

ವೆಂಕಟರವಣನಿಗೆ ನಗು. ಗಡಿಯಾಚೆ ಅವನ ತಾಯಿಯ ತವರು.
'ನಮ್ಮನೇಲಿ ಏರು ಅಂದ್ರೆ ಹೊಳೆ ಕಣಪ್ಪ.
ಊರು ಅಂದ್ರೆ ಒಸರು, ಜಿನುಗು.
ಒಂದು ಹೊಳೆಯೂ ಹಾಯದ ಸೀಮೆಯಲ್ಲಿ ನಿಂತು
ಹೊಳೆಯೇ, ಒಸರು ಅಂತ ಕೂಗ್ತಾವೆ ಹುಡುಗರು.
ನೀನು ಜಾಕಿ ತಿರುವ್ತೀಯ.'

ಒಂದು ಗಳಿಗೆ ಯಾರೂ ಮಾತಾಡಲಿಲ್ಲ.
ಬಂಡೆಗುಡ್ಡ ಕೂಡ ಕತ್ತಲಲ್ಲಿ ಸ್ವಲ್ಪ ಹತ್ತಿರ ಸರಿದಂತಿತ್ತು.
ಆಮೇಲೆ ಮೇಷ್ಟ್ರು ಸಿಡಿದರು:
'ಕನ್ನಡದ ಹಾಡಿಗೆ ತೆಲುಗಿನ ಅರ್ಥವೇ!'
'ಮನೇಲಿ ನೀವು ಬೈಯೋದು ಯಾವುದರಲ್ಲಿ ಸಾರ್?'
ಮೇಷ್ಟ್ರು ಕನ್ನಡಕ ತೆಗೆದು
ಬಹಳ ಹೊತ್ತು ಒರೆಸಿದರು.

ನಾನು ಬಾಯಿ ಬಿಡಲಿಲ್ಲ.
ಮೂರು ವರ್ಷದಿಂದ ಬಿಟ್ಟಿಲ್ಲ.

ಹಾಡು ಬರೆದವನು ತಿಮ್ಮರಾಯಿ, ಡ್ರಮ್ಮು ಬಾರಿಸುವವ.
ಮಂಡಿಯ ಚೀಟಿಯ ಬೆನ್ನಿಗೆ ಗೀಚಿ ತಂದಿದ್ದ.
'ಐವತ್ತು ಪ್ರತಿ ಅಕ್ಕ, ಹಂಚೋಕೆ.
ಹಾಡೋನಿಗೆ ಒಂದು, ದಪ್ಪಕ್ಷರದಲ್ಲಿ.'
ಸಾರಿನ ಕಲೆಯಡಿ ಮುಳುಗೇಳುತ್ತಿತ್ತು ಅವನ ಕೈಬರಹ.
ಪಕ್ಕದಲ್ಲೊಬ್ಬರು ಆಧಾರ್ ಪ್ರತಿಗೆ ಕುತ್ತಿಗೆಯ ಮೇಲೆ ನಿಂತಿದ್ದರು.
ಕೀಲಿಮಣೆಯಲ್ಲಿ ಆ-ಗೂ ಏ-ಗೂ ಎರಡು ಬೆರಳು ದೂರ.

ಚೀಟಿಯಲ್ಲಿ ಇದ್ದದ್ದು: ಆರು ಊರು.

ಲೆಕ್ಕದ ಆರೋ, ದೀಪದ ಹಾಗೆ ಆರುವುದೋ,
ಗೊತ್ತಾಗುವಷ್ಟರಲ್ಲಿ ಐವತ್ತೊಂದು ಪ್ರತಿ ಬಿಸಿಬಿಸಿ ಹೊರಬಿದ್ದಿದ್ದವು.
ಮೊದಲ ರಾತ್ರಿ ಹಾಡುವವನು ನನ್ನ ತಪ್ಪನ್ನೇ ಗಂಟಲು ಹರಿಯೆ ಕೂಗಿದ.
ಹಿಂದೆ ತಿಮ್ಮರಾಯಿಯ ಕೋಲು
ಅರ್ಧ ಏಟು ಗಾಳಿಯಲ್ಲೇ ನಿಂತಿತು.
ನಾನು ನೋಡಿದೆ.
ಇವತ್ತಿಗೂ ಆ ಜಾಗದಲ್ಲಿ ಆ ಅರ್ಧ ಏಟು ಇಲ್ಲ;
ಬೇರೆ ಊರಿನ ಹುಡುಗರು ಹಾಡಿದರೂ ಅಲ್ಲಿ ನಿಲ್ಲುತ್ತಾರೆ.
ಮುಕ್ತಿಯಾರ್ ಅದಕ್ಕೂ ಒಂದು ಅರ್ಥ ಇಟ್ಟುಕೊಂಡಿದ್ದಾನೆ:
ಉಸಿರು ತಗೊಳ್ಳೋ ತಾವು.

ಚೀಟಿ ಗಲ್ಲಾಪೆಟ್ಟಿಗೆಯಲ್ಲಿ, ಹರಿದ ನೋಟುಗಳ ಕೆಳಗೆ.
ಒಬ್ಬಳಿಗೆ ತೋರಿಸಿದ್ದೇನೆ. ಅರುಳ್‌ಮೇರಿ,
ಸರ್ಕಾರಿ ಆಸ್ಪತ್ರೆಯ ನರ್ಸು, ಕೆಜಿಎಫ್ ಬಸ್ಸಿಗೆ ಕಾಯುತ್ತಿದ್ದವಳು.
ಕನ್ನಡವನ್ನು ಒಂದೊಂದೇ ಅಕ್ಷರ ಮುಟ್ಟಿ ಓದುತ್ತಾಳೆ.
'ಆ... ರು. ಆರು.
ನಮ್ಮಲ್ಲಿ ನದಿ,' ಅಂದಳು.
ಬಸ್ಸು ಬಂತು. ಹತ್ತಿದಳು.

ನಿನ್ನೆ ತಿಮ್ಮರಾಯಿ ಬಂದಿದ್ದ, ಹೊಸ ಹಾಡು, ಹಳೆಯ ಕಲೆ.
ಅಚ್ಚಿಗೆ ಮುಂಚೆ ಒಂದ್ಸಲ ಓದಿ ನೋಡಪ್ಪ ಅಂದೆ,
ಎದೆ ಡವಗುಟ್ಟುತ್ತ.
ಅವನು ಮೇಜಿನ ಅಂಚನ್ನು ಎರಡು ಬೆರಳಲ್ಲಿ ಬಡಿದ,
ಅರ್ಧ ಏಟು ಬಿಟ್ಟ.
'ಬೇಡಕ್ಕ,' ಅಂದ.
'ನಿಂಗೆ ಹೆಂಗೆ ಕಾಣ್ತದೋ ಹಂಗೇ ಹೊಡಿ.'