ನನ್ನ ಸಮಕ್ಷಮ

ಮಂಡ್ಯದ ಕೋರ್ಟು ಕಾಂಪೌಂಡಿಗೆ ಆತುಕೊಂಡು
ತಗಡಿನ ಚಪ್ಪರ, ಎರಡು ಮೇಜು.
ಒಂದು ನೋಟರಿ ತಿಬ್ಬೇಗೌಡರದು, ಇನ್ನೊಂದು ನನ್ನದು.
ಅವರದರ ಮೇಲೆ ದುಂಡು ಮೊಹರು, ಹಸಿರು ಶಾಯಿ,
ಉದ್ದನೆಯ ರಿಜಿಸ್ಟರು.
ನನ್ನದರ ಮೇಲೆ ಕೀಬೋರ್ಡು.
ಅದರಲ್ಲಿ ಣ ಅಳಿಸಿಹೋಗಿ ವರ್ಷವಾಯಿತು,
ಬೆರಳಿಗೆ ಗೊತ್ತು ಎಲ್ಲಿದೆಯೆಂದು.

ದಿನಕ್ಕೆ ನಲವತ್ತು ಸಲ ಬಡಿಯುತ್ತೇನೆ:
"ಸತ್ಯವಾಗಿ ಪ್ರಮಾಣೀಕರಿಸಿ ಹೇಳುವುದೇನೆಂದರೆ."
ಏನೆಂದರೆ, ಅಂಕಪಟ್ಟಿ ಬಸ್ಸಲ್ಲಿ ಬಿಟ್ಟ ಹುಡುಗ.
ಏನೆಂದರೆ, ಹುಟ್ಟಿದ ತಾರೀಖೇ ಇಲ್ಲದ ಮುದುಕ.
ಜಾತಿಪತ್ರದಲ್ಲಿ ಒಂದು ಕೊಂಬು ಜಾಸ್ತಿಯಾಗಿ
ಬೇರೆಯೇ ಯಾರೋ ಆಗಿಬಿಟ್ಟ ಹೆಂಗಸು.

ಪ್ರಮಾಣ ಬೋಧಿಸಲು ಯಾರಿಗೆ ಅಧಿಕಾರ?
ಕಾಯಿದೆಯಲ್ಲಿದೆ, ಗೌಡರಿಗೆ ಬಾಯಿಪಾಠ:
ನ್ಯಾಯಾಧೀಶರು, ಮ್ಯಾಜಿಸ್ಟ್ರೇಟರು, ನೋಟರಿ,
ಕೋರ್ಟು ನೇಮಿಸಿದ ಕಮಿಷನರು,
ಪರದೇಶದಲ್ಲಾದರೆ ನಮ್ಮ ರಾಯಭಾರ ಕಚೇರಿಯವರು.
"ಟೈಪು ಮಾಡೋರು?" ಅಂದೆ ಒಮ್ಮೆ.
ನಕ್ಕರು. "ನೀನು ಬರೆಯೋಳು ಕಣಮ್ಮ.
ಕೇಳೋನು ನಾನು."

ಅಪ್ಪ ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿದ್ದ.
ಅವನಿಗೆ ಪ್ರಮಾಣವೆಂದರೆ ಟನ್ನು, ಕ್ವಿಂಟಾಲು.
ಕಬ್ಬಿನ ಗಾಡಿ ಏರಬೇಕು,
ಮುಳ್ಳು ತೂಗಿ ತೂಗಿ ನಿಲ್ಲಬೇಕು,
ಆಮೇಲೆ ಚೀಟಿ.
ಗೌಡರು ಕನ್ನಡಕ ಹಣೆಗೇರಿಸಿ, ಪೇಪರಿನಿಂದ ತಲೆಯೆತ್ತದೆ
"ಇದರಲ್ಲಿರೋದೆಲ್ಲ ನಿಜ ತಾನೆ?" ಅನ್ನುತ್ತಾರೆ.
ಮುಳ್ಳು ಇನ್ನೂ ಅಲುಗುತ್ತಿರುತ್ತದೆ,
ಮೊಹರು ಬಿದ್ದಾಗಿರುತ್ತದೆ.

ಮಂಗಳವಾರ ಬಂದವಳ ಹೆಸರು ಸಣ್ಣತಾಯಮ್ಮ.
ಪಿಂಚಣಿ ಪುಸ್ತಕದಲ್ಲಿ ಚಿಕ್ಕತಾಯಮ್ಮ.
ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ಟು ಬೇಕು.
ಸಣ್ಣ, ಚಿಕ್ಕ, ಏನು ಮಹಾ ಎಂದು
ಬಡಿಯತೊಡಗಿದ್ದೆ.
ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು:

"ಚಿಕ್ತಾಯಿ ನಮ್ಮಕ್ಕ ಕನವ್ವ. ಬಾಣಂತೀಲಿ ಹೋದ್ಲು.
ಎಳೆಗೂಸು ಇತ್ತಲ್ಲ,
ನನ್ನೇ ತಂದು ಆ ಮನೇಗೆ ತುಂಬುಸ್ಕೊಂಡ್ರು.
ಕಾರ್ಡಲ್ಲಿ ಅವಳೆಸ್ರ ಯಾರೂವೆ ಹೊಡ್ದಾಕ್ನಿಲ್ಲ.
ನಲವತ್ತೊರ್ಸ ಅವಳೆಸ್ರಲ್ಲೇ ಅಕ್ಕಿ ತಂದಿವ್ನಿ,
ಓಟಾಕಿವ್ನಿ.
ಆ ಕೂಸು ಇವತ್ತೂ ನನ್ನೇ ಅವ್ವ ಅಂತದೆ.
ನೀನೇ ಯೋಳು, ಇಬ್ರೂ ಒಬ್ರೇ ಅಲ್ವಾ?"

ಬೆರಳು ನಿಂತವು.
ಎಲ್ಲರೂ ಹೀಗೇ. ಪ್ರಿಂಟರು ಬಿಸಿಯಾಗುವಷ್ಟರಲ್ಲಿ
ಇದ್ದದ್ದನ್ನೆಲ್ಲ ನನ್ನ ಮೇಜಿಗೆ ಸುರಿದು
ಖಾಲಿಯಾಗಿ ಅತ್ತ ಹೋಗಿ ನಿಲ್ಲುತ್ತಾರೆ.
ಪಟ್ಟಿಯಲ್ಲಿ ಇಲ್ಲದವಳು ನಾನು.
ಕೇಳಿದ್ದು ಕೇಳಿದಂತಲ್ಲ.
"ಸದರಿ ಇಬ್ಬರೂ ಒಬ್ಬರೇ ವ್ಯಕ್ತಿ."
ಬಡಿದೆ.

ಗೌಡರ ಮುಂದೆ ಬಲಗೈ ಚಾಚಿ ನಿಂತಳು.
"ಕೈಯ ಎಲ್ಲಿ ಮಡಗ್ಲಿ ಸಾಮಿ?"
"ಎಲ್ಲೂ ಬೇಡ. ಹೆಬ್ಬೆಟ್ಟು ಒತ್ತು."
"ದೀಪ? ಮಾದಪ್ಪನ ಪಟ? ಒಂದು ಕೂಸಾದ್ರೂವೆ?
ಬರಿಗೈಲಿ ಆಣೆ ಯೆಂಗೆ ಸಾಮಿ?"
ಸುತ್ತ ನೋಡಿದಳು. ಜಾಮೀನಿಗೆ ಬಂದವರು,
ಟೀ ಹುಡುಗನ ತಂತಿಬುಟ್ಟಿ,
ಚಪ್ಪರದ ತೂತಿನಿಂದ ಬಿದ್ದ ಬಿಸಿಲು.
ತಿರುಗಿ, ಅಂಗೈಯನ್ನು ಊರಿದಳು
ನನ್ನ ಕೀಬೋರ್ಡಿನ ಮೇಲೆ.

ಪರದೆಯ ತುಂಬ ಅಕ್ಷರ, ಅಕ್ಷರ,
ಯಾವ ಭಾಷೆಯೂ ಅಲ್ಲದ ಸಾಲು.
ಭಾಷೆ ಕೊಡುವುದೆಂದರೆ ಇದೇ ಇರಬೇಕು.

ಗೌಡರು ತಲೆಯೆತ್ತಿದರು.
ಕನ್ನಡಕ ಹಣೆಯಿಂದ ತಾನಾಗಿ ಇಳಿಯಿತು.
"ಇಬ್ಬರೂ ಒಬ್ಬರೇ ತಾನೆ?"
ಅವಳು ನನ್ನ ಕಡೆ ನೋಡಿ,
"ಹದಿನಾರಾಣೆ ಸಾಮಿ" ಅಂದಳು.
ಮೊಹರು ಗಾಳಿಯಲ್ಲಿ ಒಂದಿಷ್ಟು ಹೊತ್ತು ಇತ್ತು.
ಆಮೇಲೆ ಬಿತ್ತು.
ನನ್ನ ಸಮಕ್ಷಮ, ಹಸಿರು ಸಹಿ,
ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಮುನ್ನೂರ ಹನ್ನೊಂದು.

ಎಲೆಯಡಿಕೆ ಚೀಲದಿಂದ ನೋಟು ಬಿಡಿಸಿ ಕೊಟ್ಟು
ಬಸ್ ಸ್ಟ್ಯಾಂಡಿನ ಕಡೆ ಹೋದರು,
ಇಬ್ಬರೂ.

ಫೈಲು ಮುಚ್ಚುವಾಗ ಯಂತ್ರ ಕೇಳಿತು,
ಬದಲಾವಣೆಗಳನ್ನು ಉಳಿಸಬೇಕೆ?
ಆ ಸಾಲು ಇನ್ನೂ ಅಲ್ಲೇ ಇತ್ತು.
ಮುಂದಿನವನು ಆಗಲೇ ಆಧಾರ್ ಕಾರ್ಡು ಚಾಚಿ ನಿಂತಿದ್ದ.
"ಮೇಡಂ, ಬೇಗ."