ಅರ್ಧ ಸುತ್ತು

ಹಾಕಿದ್ದು ಹದಿನಾರು ಜಿಬಿ. ಒಪ್ಪಿಕೊಳ್ಳುವುದು ಎಂಟು.
ಉಲಾನ್‌ಬಾತರಿನ ಮೆಟ್ಟಿಲಡಿಯ ಅಂಗಡಿಯಲ್ಲಿ
ಚುಲೂನ್ ಮೂರನೆಯ ಸಲ ಯಂತ್ರ ಎಬ್ಬಿಸಿದ.
ಎಂಟು.

ಎದುರಿನ ಸ್ಟೂಲಿನ ಮೇಲೆ ದುಲಮ್‌ಸೂರೆನ್,
ಜಾನುವಾರು ಗಣತಿಯವಳು, ಟೋಪಿಯನ್ನೂ ತೆಗೆದಿಲ್ಲ.
"ಶುಕ್ರವಾರದೊಳಗೆ ಒಂಬತ್ತು ಸೀಮೆಯ ಲೆಕ್ಕ ಒಪ್ಪಿಸಬೇಕು.
ಕಡತ ತೆರೆದರೆ ಆಡುಗಳವರೆಗೆ ಬಂದು ಉಸಿರುಗಟ್ಟುತ್ತೆ."

ಹೊರಗೆ ಮೈನಸ್ ಮೂವತ್ತೊಂದು. ಒಣಗಾಳಿ.
ಸ್ವೆಟರಿನಲ್ಲಿ ಚಟಚಟ ಕಿಡಿ;
ಅವನು ಮೊದಲು ಬಿಸಿನೀರಿನ ಕೊಳವೆ ಮುಟ್ಟಿ
ಮೈಯ ಮಿಂಚನ್ನು ಮಣ್ಣಿಗೆ ಬಿಟ್ಟ.

ಎರಡೂ ಮೆಮೊರಿ ಕಿತ್ತ. ಮಗಳ ರಬ್ಬರಿನಿಂದ
ಚಿನ್ನದ ಹಲ್ಲು ಉಜ್ಜಿದ. ಅದಲುಬದಲು ಮಾಡಿದ.
ಬಲಗಡೆ ಕೂತರೆ ಎರಡೂ ಗಟ್ಟಿ ಕಾಳು.
ಎಡಗಡೆಯ ಗೂಡಲ್ಲಿ ಯಾರು ಕೂತರೂ ಮಾಯ.

"ನಮ್ಮಜ್ಜ ಕುರಿ ಎಣಿಸುತ್ತಲೇ ಇರಲಿಲ್ಲ," ಅಂದಳು,
"ಒಮ್ಮೆ ಕಣ್ಣಾಡಿಸಿ, ಕಿವಿಹರುಕ ಬಂದಿಲ್ಲ ಅನ್ನುತ್ತಿದ್ದ.
ಇದಕ್ಕೆ ತನ್ನ ಹಟ್ಟಿಯಲ್ಲೇ ಅರ್ಧ ಕಾಣದು!"

ಚುಲೂನ್ ನಗಲಿಲ್ಲ. ಫ್ಯಾನಿನ ಬುಡಕ್ಕೆ ಟಾರ್ಚು ಬಿಟ್ಟ.
ನಾಲ್ಕು ತಿರುಪು. ಒಂದನ್ನು ಯಾರೋ
ಹಲ್ಲು ಕಚ್ಚಿ ತಿರುಗಿಸಿದ್ದಾರೆ;
ಬೋರ್ಡು ಕೂದಲೆಳೆಯಷ್ಟು ಬಾಗಿದೆ.
"ಯಾರು ಬಿಗಿದದ್ದು?"
ಅವಳು ಕೈಗವಸು ನೋಡಿಕೊಂಡಳು.
"ಗಡಗಡ ಅನ್ನುತ್ತಿತ್ತು."

ಅರ್ಧ ಸುತ್ತು ಹಿಂದಕ್ಕೆ. ಅಷ್ಟೇ.
ಕಪ್ಪು ತೆರೆ, ಬಿಳಿ ಅಕ್ಷರ:
ಹದಿನಾರು.

ಎಷ್ಟಾಯಿತು ಅಂದಳು. ಅವನು ತಲೆ ಕೆರೆದ—
ಅರ್ಧ ಸುತ್ತಿಗೆ ಎಷ್ಟಂತ ಕೇಳುವುದು?
ಅವಳು ಚೀಲ ತಡಕಿ, ಒಣಗಿಸಿದ ಮೊಸರಿನ ಗಟ್ಟಿ
ಮೂರು ತುಂಡು ಮೇಜಿಗಿಟ್ಟಳು,
ಆಮೇಲೆ ಏನೋ ನೆನಪಾಗಿ
ಒಂದನ್ನು ವಾಪಸು ಜೇಬಿಗೆ ಹಾಕಿಕೊಂಡಳು.