ಅರೆಬೆಂದ ಶಾವಗಿ

ಗಾಜಿನ ಸಣ್ಣ ನಳಿಗೆಯಲ್ಲಿ ನೀರು
ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು
ಒಂದು ನಿಮಿಷ ಹನ್ನೊಂದು ಸೆಕೆಂಡು.
ಅದೇ ನೀರಿಗೆ ಚಿಟಿಕೆ ಬಿಳಿ ಪುಡಿ,
ಹುಂಜದ ಜುಟ್ಟಿನಿಂದ ತೆಗೆದದ್ದು,
ರಾತ್ರಿಯಿಡೀ ಕರಗಿದ ಮೇಲೆ
ನಾಲ್ಕು ನಿಮಿಷ.
ಗಡಿಯಾರ ಒತ್ತುವ ಹೆಬ್ಬೆರಳಷ್ಟೇ ನನ್ನ ಸಂಶೋಧನೆ,
ಮೂರು ವರ್ಷದಿಂದ.

ಕಲಬುರಗಿಯ ಮೇ ತಿಂಗಳು. ಹೊರಗೆ ನಲವತ್ತನಾಲ್ಕು,
ಒಳಗೆ ತೊಟ್ಟಿಯ ನೀರು ಇಪ್ಪತ್ತೈದರಲ್ಲೇ ನಿಲ್ಲಬೇಕು.
ಕರೆಂಟು ಹೋದರೆ ನಿಲ್ಲುವುದಿಲ್ಲ,
ಬರೆದ ಅಂಕಿಯೆಲ್ಲ ಹೊಡೆದುಹಾಕಬೇಕು.
ಹೋಯಿತು.

ನೆಲ ಒರೆಸುತ್ತಿದ್ದ ಗುಂಡಮ್ಮ ಎದ್ದಳು,
ಒಂದು ಕೈ ಮೇಜಿಗೆ, ಒಂದು ಕೈ ಮೊಳಕಾಲಿಗೆ.
'ದಿನಾ ನೀರ್ ಹನಿಸ್ಲತ್ತೀರಿ.
ಯಾನ್ ಅದ ತಹಸೀನ್ ಮೇಡಂ ಅದ್ರಾಗ?'
'ದಾರ' ಎಂದೆ, 'ಕಣ್ಣಿಗಿ ಕಾಣಂಗಿಲ್ಲ.
ಪೂರಾ ಕಡ್ಡಿ ಅಲ್ಲ, ಪೂರಾ ನೂಲೂ ಅಲ್ಲ.'
'ಅರೆಬೆಂದ ಶಾವಗಿ ಅನ್ರಿ ಮತ್ತ.'

ಹೌದಲ್ಲ.
ಅವಳ ಮಾಳಿಗೆಯ ಹೊರಸಿನ ಮೇಲೆ ಒಣಗಿದ ಎಳೆ
ಮುಟ್ಟಿದರೆ ಲಟಕ್ಕನೆ ಮುರಿಯುತ್ತದೆ.
ಬೆಂದದ್ದು ತಟ್ಟೆಯಲ್ಲಿ ತನ್ನ ಮೇಲೆ ತಾನೇ ಬಿದ್ದು
ತಲೆ ಯಾವುದು ಬಾಲ ಯಾವುದು ತಿಳಿಯದು.
ನಡುವೆ, ಕುದಿನೀರಲ್ಲಿ, ಒಂದು ಗಳಿಗೆ:
ಎಳೆ ಬಾಗುತ್ತದೆ, ನೆಟ್ಟಗಿದ್ದುದನ್ನು ಇನ್ನೂ ಬಿಟ್ಟಿಲ್ಲ.
ನನ್ನ ಪುಡಿಯ ಎಳೆ ಆ ಗಳಿಗೆಯಲ್ಲೇ ಕೂತಿದೆ.

ಎಷ್ಟು ದೂರ ಅದಕ್ಕೆ ತನ್ನ ದಿಕ್ಕು ನೆನಪಿರುತ್ತದೆ?
ಅಳೆಯಬೇಕಾದದ್ದು ಅಷ್ಟೇ.
ಬಸ್‌ಸ್ಟ್ಯಾಂಡಿನಲ್ಲಿ ಇಳಿದವನಿಗೆ ಪೂರ್ವ ತೋರಿಸಿ ಕಳಿಸಿ.
ಸೂಪರ್ ಮಾರ್ಕೆಟ್ಟಿನ ತನಕ ಸಂಶಯವಿಲ್ಲ.
ಅಲ್ಲಿ ತಳ್ಳುಗಾಡಿ ತಪ್ಪಿಸಲು ಒಂದಿಷ್ಟು ಎಡಕ್ಕೆ,
ಆಟೋಗೆ ಜಾಗ ಬಿಡಲು ಒಂದಿಷ್ಟು ಬಲಕ್ಕೆ,
ತಿರುವು ಅನ್ನುವಂಥದ್ದು ಒಂದೂ ಇಲ್ಲ, ಬರೀ ವಾಲಿದ್ದು.
ಗಂಜಿನ ಬೇಳೆ ಮಿಲ್ಲಿನ ಹೊಟ್ಟು ಕಣ್ಣಿಗೆ ಬೀಳುವ ಹೊತ್ತಿಗೆ
ಪೂರ್ವ ಯಾವುದೆಂದು ಕೇಳಿ,
ಸೂರ್ಯನನ್ನು ಹುಡುಕುತ್ತಾನೆ.
ಯಾರೂ ಅವನನ್ನು ತಿರುಗಿಸಲಿಲ್ಲ.
ನೀರಿನ ಕಣಗಳ ಗುದ್ದೂ ಹಾಗೆ, ಲೆಕ್ಕವಿಲ್ಲದಷ್ಟು,
ಒಂದೂ ನೆನಪಿಡುವಂಥದ್ದಲ್ಲ.

'ಉಪ್ಪು ಹಾಕಿದ್ರ?' ಅವಳೇ ಕೇಳಿದಳು.
ಎಳೆಯ ಉದ್ದಕ್ಕೂ ಒಂದೇ ಬಗೆಯ ವಿದ್ಯುತ್ತು,
ಒಂದನ್ನೊಂದು ದೂಡುತ್ತ ಬೆನ್ನು ನೆಟ್ಟಗಿಟ್ಟಿರುತ್ತದೆ.
ಉಪ್ಪು ಬಿದ್ದರೆ ನಡುವೆ ಪರದೆ ಎಳೆದಂತೆ,
ದೂಡುವವರು ಕಾಣದೆ ಎಳೆ ಸಡಿಲಾಗುತ್ತದೆ.
'ಮೆತ್ತಗ ಆಗ್ತದ' ಎಂದೆ.
'ನಮ್ಮ ಬೋರಿನ ನೀರಿಗಿ ಹಾಕಬ್ಯಾಡ್ರಿ ಮತ್ತ.'

ಹೇಳಲೋ ಬೇಡವೋ ಎಂದು ಇಷ್ಟು ದಿನ ನುಂಗಿದ್ದು
ಅವಳ ಮೊಳಕಾಲಿನಲ್ಲೂ ಇದೇ ಇದೆ ಎಂಬುದನ್ನು.
ಎರಡು ಎಲುಬಿನ ನಡುವೆ ಚಮಚದಷ್ಟೂ ಇರದ ಅಂಟುನೀರು,
ಅದರಲ್ಲಿ ಇದೇ ಎಳೆಗಳು ಒಂದರೊಳಗೊಂದು ಸಿಕ್ಕು,
ಶಹಾಬಾದಿ ಕಲ್ಲಿನ ಮೇಲೆ ಇಪ್ಪತ್ತು ವರ್ಷ ಮಂಡಿಯೂರಿ
ತುಂಡು ತುಂಡಾಗಿ,
ತೆಳ್ಳಗಾಗಿ.
ದೊಡ್ಡ ದವಾಖಾನೆಯಲ್ಲಿ ಸೂಜಿಯಿಂದ ತುಂಬುತ್ತಾರೆ, ಸಾವಿರಗಟ್ಟಲೆ.
ಹೇಳಿಬಿಟ್ಟೆ.

ನಳಿಗೆ ನೋಡಿದಳು, ಮೊಳಕಾಲು ನೋಡಿದಳು.
'ಹುಂಜದ ಜುಟ್ಟಿಂದು?'
'ಹೂಂ.'
'ಅದ್ಕೇ ನೋಡ್ರಿ, ನಸುಕಿನಾಗ ನನಕಿಂತ ಮೊದಲ
ಇದು ಕೂಗ್ತದ.'

ಕರೆಂಟು ಬಂತು. ತೊಟ್ಟಿ ಇಪ್ಪತ್ತೇಳು ತೋರಿಸುತ್ತಿತ್ತು,
ಇನ್ನೊಂದು ಗಂಟೆ ಕಾಯಬೇಕು.
ಅವಳು ಬಕೆಟ್ಟಿಗೆ ಫಿನಾಯಿಲ್ ಸುರಿದು
ಮತ್ತೆ ನೆಲಕ್ಕಿಳಿದಳು, ಮೊದಲು ಎಡಗಾಲು,
ಒಂದಿಷ್ಟು ತಡೆದು, ಬಲ.
ಗೊತ್ತಿಲ್ಲದೆ ನನ್ನ ಹೆಬ್ಬೆರಳು ಒತ್ತಿತ್ತು.
ಒಂಬತ್ತು ಸೆಕೆಂಡು.